ಮನೆಮಾತು, ಶಾಲೆಯ ಕನ್ನಡ ಮತ್ತು ಇಂಗ್ಲಿಷ್: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಪ್ರಾಥಮಿಕ ತರಗತಿಗಳಲ್ಲಿ ಭಾಷಾಬೋಧನೆ

ಪೀಠಿಕೆ

ನೇತ್ರಾವತಿಯ ದಂಡೆಯ ಬಂಟ್ವಾಳ, ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ, ಬಸದಿಗಳಿಂದ ಪ್ರಸಿದ್ಧವಾದ ಮೂಡುಬಿದಿರೆ – ದಕ್ಷಿಣ ಕನ್ನಡ ಜಿಲ್ಲೆಯ ಈ ಮೂರೂ ತಾಲೂಕುಗಳು ಬಹುಭಾಷಿಕ ಪ್ರದೇಶಗಳಾಗಿವೆ. ತುಳು ಇಲ್ಲಿಯ ಸಾಮಾನ್ಯ ವ್ಯವಹಾರ ಭಾಷೆ. ಇದರ ಜೊತೆಗೆ ಮುಸ್ಲಿಂ ಕುಟುಂಬಗಳಲ್ಲಿ ಬ್ಯಾರಿ, ಕೆಥೊಲಿಕ್ ಮತ್ತು ಗೌಡ ಸಾರಸ್ವತ ಕುಟುಂಬಗಳಲ್ಲಿ ಕೊಂಕಣಿ, ವಿಟ್ಲದ ಸುತ್ತಮುತ್ತ ಹವ್ಯಕ ಕನ್ನಡ, ಬೆಳ್ತಂಗಡಿಯ ಕೆಲವು ಗ್ರಾಮಗಳಲ್ಲಿ ಚಿತ್ಪಾವನಿ ಹಾಗೂ ಮಲಯಾಳ ಮನೆಮಾತಾಗಿ ಬಳಕೆಯಲ್ಲಿವೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸುಮಾರು ಅರ್ಧದಷ್ಟು ಜನರ ಮಾತೃಭಾಷೆ ತುಳು. ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಹತ್ತರಲ್ಲಿ ಒಬ್ಬರ ಆಸುಪಾಸಿನಲ್ಲಿದ್ದಾರೆ.

ಹೀಗಿದ್ದರೂ ಒಂದನೆಯ ತರಗತಿಯ ಕನ್ನಡ ಪಠ್ಯವು, ಮಗು ಕನ್ನಡ ಮಾತನಾಡಬಲ್ಲದು, ಅದಕ್ಕೆ ಓದು ಬರಹವನ್ನಷ್ಟೇ ಕಲಿಸಿದರೆ ಸಾಕು ಎಂಬ ಗ್ರಹಿಕೆಯಿಂದ ಆರಂಭವಾಗುತ್ತದೆ. ಈ ಗ್ರಹಿಕೆಯಿಂದ ಉಂಟಾಗುವ ತೊಡಕುಗಳನ್ನೂ, ಇಂಗ್ಲಿಷ್ ಬೋಧನೆಯು ಕೆಳಗಿನ ತರಗತಿಗಳಿಗೆ ಇಳಿದ ಮೇಲೆ ಅವು ಪಡೆದ ಹೊಸ ರೂಪವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಾರಿತ್ರಿಕ ಹಿನ್ನೆಲೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1836ರಲ್ಲಿ ಕನ್ನಡ ಶಾಲೆಯನ್ನು ಆರಂಭಿಸಿದರು. ತುಳುವಿನ ಅಭ್ಯಾಸವನ್ನೂ ಅವರು ಕೈಬಿಡಲಿಲ್ಲ. ಬ್ರಿಗೆಲ್‌ರ ತುಳು ವ್ಯಾಕರಣ 1872ರಲ್ಲಿ, ಮ್ಯಾನರ್‌ರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ ಪ್ರಕಟವಾದವು. ಆದರೆ ಶಾಲೆ, ಕಚೇರಿ, ನ್ಯಾಯಾಲಯಗಳ ದೇಶಭಾಷೆಯಾಗಿ ಕನ್ನಡವೇ ನೆಲೆಗೊಂಡಿತು. ಪರಿಣಾಮವಾಗಿ ಈ ಭಾಗದ ಹೆಚ್ಚಿನವರಿಗೆ ಕನ್ನಡವು ತೊಟ್ಟಿಲಲ್ಲಿ ಬಂದ ಭಾಷೆಯಾಗದೆ ಪುಸ್ತಕದಿಂದ ಬಂದ ಭಾಷೆಯಾಯಿತು. ಕರಾವಳಿಯವರ ಆಡುಗನ್ನಡ ಗ್ರಂಥಭಾಷೆಗೆ ಹತ್ತಿರವಾಗಿರುವುದಕ್ಕೆ ಇದು ಮುಖ್ಯ ಕಾರಣ.

ಈ ಸನ್ನಿವೇಶವನ್ನು ಒಳಗಿನಿಂದ ಬಲ್ಲವರು ಪಂಜೆ ಮಂಗೇಶರಾಯರು (1874–1937). ಬಂಟ್ವಾಳದಲ್ಲಿ ಜನಿಸಿದ ಅವರ ಮನೆಮಾತು ಕೊಂಕಣಿ, ಊರಮಾತು ತುಳು. ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದ ಅವರು ಮಕ್ಕಳಿಗಾಗಿ ಹಾಡು, ಕಥೆ, ಪಾಠಗಳನ್ನು ರಚಿಸಿದರು. ಅವರ ಮಕ್ಕಳ ಹಾಡುಗಳಲ್ಲಿ ಶಬ್ದಗಳ ಪುನರಾವರ್ತನೆ, ಲಯ ಮತ್ತು ಪ್ರಶ್ನೋತ್ತರಗಳಿಗೆ ಪ್ರಾಧಾನ್ಯವಿರುವುದನ್ನು ಸಾಹಿತ್ಯದೃಷ್ಟಿಯಿಂದ ಮಾತ್ರ ನೋಡಲಾಗಿದೆ. ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವ ಮಗುವಿನ ನಾಲಗೆಗೆ ಅವು ಒದಗಿಸುವ ಅಭ್ಯಾಸವೂ ಅಷ್ಟೇ ಗಮನಾರ್ಹವಾದುದು.

ಎರಡು ವ್ಯಾಕರಣಗಳ ನಡುವೆ ಮಗು

ತುಳು ಮತ್ತು ಕನ್ನಡ ಎರಡೂ ದ್ರಾವಿಡ ಭಾಷೆಗಳು. ಮರ, ಕೈ, ನಾಯಿ ಮೊದಲಾದ ಸಮಾನ ಶಬ್ದಗಳಿವೆ. ಹೂ–ಪೂ, ಹುಲಿ–ಪಿಲಿ, ಹತ್ತು–ಪತ್ತ್ ಮುಂತಾದ ಜೋಡಿಗಳಲ್ಲಿ ಕನ್ನಡದ ಹಕಾರಕ್ಕೆ ತುಳುವಿನ ಪಕಾರ ನಿಯತವಾಗಿ ಹೊಂದುತ್ತದೆ. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಮಗು ಹಲವು ಶಬ್ದಗಳನ್ನು ತಾನೇ ಊಹಿಸಬಲ್ಲದು. ಆದರೆ ಸಾಮ್ಯವೇ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ತುಳುವಿನ ‘ಎಲ್ಲೆ’ ಎಂದರೆ ನಾಳೆ, ‘ಬಾಲೆ’ ಎಂದರೆ ಮಗು, ‘ಅರಿ’ ಎಂದರೆ ಅಕ್ಕಿ, ‘ಮಲ್ಲ’ ಎಂದರೆ ದೊಡ್ಡದು. ಕನ್ನಡ ಪಾಠದಲ್ಲಿ ಇವೇ ರೂಪಗಳಿಗೆ ಬೇರೆ ಅರ್ಥಗಳಿವೆ.

ವ್ಯಾಕರಣದ ವ್ಯತ್ಯಾಸ ಇನ್ನಷ್ಟು ಸೂಕ್ಷ್ಮವಾದುದು. ಕನ್ನಡದಲ್ಲಿ ‘ಅವು’ ಬಹುವಚನ. ತುಳುವಿನಲ್ಲಿ ‘ಅವು’ ಎಂದರೆ ‘ಅದು’. ಆದ್ದರಿಂದ ಒಂದು ಮರವನ್ನು ತೋರಿಸಿ ‘ಅವು ಮರ’ ಎನ್ನುವ ಮಗುವಿಗೆ ಏಕವಚನ, ಬಹುವಚನಗಳ ಅರಿವಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಅದು ತನ್ನ ಭಾಷೆಯ ಏಕವಚನವನ್ನೇ ಬಳಸಿದೆ. ಇದೇ ರೀತಿ ‘ಬತ್ತೆ’ ಎಂಬ ರೂಪದ ಕೊನೆಯ ಸ್ವರವನ್ನು ತುಸು ತೆರೆದು ಉಚ್ಚರಿಸಿದರೆ ‘ನಾನು ಬಂದೆ’ ಎಂದೂ, ತೆರೆಯದೆ ಉಚ್ಚರಿಸಿದರೆ ‘ಅವನು ಬಂದ’ ಎಂದೂ ಅರ್ಥ. ಕನ್ನಡ ಲಿಪಿಯಲ್ಲಿ ಈ ಭೇದವನ್ನು ತೋರಿಸುವ ಸಾಮಾನ್ಯ ಚಿಹ್ನೆಯಿಲ್ಲ. ಕಿವಿಯಲ್ಲಿ ಇಷ್ಟು ಸೂಕ್ಷ್ಮವಾದ ಭೇದವನ್ನು ಹೊತ್ತು ತಂದ ಮಗುವನ್ನು ಮಂದಮತಿಯೆಂದು ಪರಿಗಣಿಸುವ ಅಪಾಯವೇ ಇಲ್ಲಿಯ ಪ್ರಾಥಮಿಕ ಶಿಕ್ಷಣದ ನಿಜವಾದ ಸಮಸ್ಯೆ.

ಬ್ಯಾರಿ ಮಾತಿನಲ್ಲಿ ಣ–ನ, ಳ–ಲ ಭೇದಗಳು ಅಳಿದಿವೆ. ತುಳುವಿನ ಹಲವು ಪ್ರಭೇದಗಳಲ್ಲಿಯೂ ಳಕಾರವು ಲಕಾರವಾಗಿದೆ. ಉಕ್ತಲೇಖನದಲ್ಲಿ ‘ಹಣ’ವು ‘ಹನ’ವಾಗುವುದಕ್ಕೂ ‘ಮಳೆ’ಯು ‘ಮಲೆ’ಯಾಗುವುದಕ್ಕೂ ಇದು ಕಾರಣವಾಗಬಲ್ಲದು. ಕೊಂಕಣಿಯಲ್ಲಿ ನಿರ್ಜೀವ ವಸ್ತುಗಳಿಗೂ ಪುಂ–ಸ್ತ್ರೀ ಲಿಂಗಭೇದವಿರುವುದರಿಂದ ಅರ್ಥವನ್ನು ಅನುಸರಿಸುವ ಕನ್ನಡದ ಲಿಂಗವ್ಯವಸ್ಥೆಯನ್ನು ಆ ಮಗು ಹೊಸದಾಗಿ ಕಲಿಯಬೇಕಾಗುತ್ತದೆ. ಒಂದೇ ತರಗತಿಯಲ್ಲಿ ಕುಳಿತ ಮೂವರು ಮಕ್ಕಳ ತಪ್ಪುಗಳಿಗೆ ಮೂರು ಬೇರೆ ಮೂಲಗಳಿರುತ್ತವೆ. ಕೆಂಪು ಶಾಯಿಯ ಗುರುತು ಮಾತ್ರ ಒಂದೇ.

ಇಂಗ್ಲಿಷಿನ ಪ್ರವೇಶ

ಹಿಂದೆ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್ ಕಲಿಕೆಯು 2007–08ರಿಂದ ಒಂದನೆಯ ತರಗತಿಗೆ ಬಂದಿತು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಪಡಿಸಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2019–20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳು ಆರಂಭವಾದವು. ಈ ಚರ್ಚೆಗಳಲ್ಲೆಲ್ಲ ಕನ್ನಡ ಮತ್ತು ಇಂಗ್ಲಿಷ್ ಎಂಬ ಎರಡು ಪಕ್ಷಗಳಷ್ಟೇ ಕಾಣಿಸಿಕೊಂಡವು. ಮೇಲಿನ ಮೂರು ತಾಲೂಕುಗಳ ಮಗುವಿಗೆ ಎರಡೂ ಮನೆಯ ಹೊರಗಿನ ಭಾಷೆಗಳೆಂಬುದು ಮರೆಗೆ ಸರಿಯಿತು.

ಇಂಗ್ಲಿಷ್ ಕಲಿಕೆಯ ತೊಡಕುಗಳು ಸ್ಪಷ್ಟವಾಗಿವೆ. ಬರೆದಂತೆ ಓದುವ ಕನ್ನಡ ಅಕ್ಷರಮಾಲೆಗೆ ಒಗ್ಗಿಕೊಳ್ಳುತ್ತಿರುವ ಮಗುವಿಗೆ, ‘ಸಿ’ ಎಂಬ ಒಂದೇ ಅಕ್ಷರ ‘ಕ್ಯಾಟ್’ನಲ್ಲಿ ಕಕಾರವೂ ‘ಸಿಟಿ’ಯಲ್ಲಿ ಸಕಾರವೂ ಆಗುವುದು ಗೊಂದಲವನ್ನುಂಟುಮಾಡುತ್ತದೆ. ನಾಮಪದದ ಹಿಂದೆ ಬರುವ ವಿಭಕ್ತಿ ಪ್ರತ್ಯಯದ ಬದಲು ಮುಂದೆ ನಿಲ್ಲುವ ಶಬ್ದಗಳು, ವಾಕ್ಯದ ನಡುವೆ ಬರುವ ಕ್ರಿಯಾಪದ – ಇವು ತುಳು, ಕನ್ನಡ ಎರಡರ ರಚನೆಗೂ ಹೊರಗಿನವು.

ಆದರೆ ಮನೆಮಾತು ಇಲ್ಲಿ ಅಡ್ಡಿ ಮಾತ್ರವಲ್ಲ, ಆಧಾರವೂ ಆಗಬಲ್ಲದು. ತುಳುವಿನಲ್ಲಿ ‘ಆಯೆ ಬತ್ತೆ’ ಎಂಬುದಕ್ಕೂ ‘ಆಯೆ ಬೈದೆ’ ಎಂಬುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಬಂದುಹೋದ ಘಟನೆ. ಎರಡನೆಯದು ಅವನು ಬಂದಿದ್ದಾನೆ, ಇಲ್ಲಿಯೇ ಇದ್ದಾನೆ ಎಂಬ ಸೂಚನೆ. ‘ಹಿ ಕೇಮ್’, ‘ಹಿ ಹ್ಯಾಸ್ ಕಮ್’ ಎಂಬ ಭೇದವನ್ನು ವಿವರಿಸಲು ಇದಕ್ಕಿಂತ ಸಮೀಪದ ಉದಾಹರಣೆ ಬೇಕಿಲ್ಲ. ‘ಈ’, ‘ಈರ್’, ‘ನಿಕುಲು’ ಎಂಬ ತುಳುವಿನ ಮೂರು ರೂಪಗಳು ಕನ್ನಡದಲ್ಲಿ ‘ನೀನು’, ‘ನೀವು’ ಎಂಬ ಎರಡಕ್ಕೆ, ಇಂಗ್ಲಿಷಿನಲ್ಲಿ ‘ಯೂ’ ಎಂಬ ಒಂದಕ್ಕೆ ಇಳಿಯುತ್ತವೆ. ಕೇಳುವವನನ್ನೂ ಸೇರಿಸಿಕೊಂಡ ‘ನಮ’, ಅವನನ್ನು ಬಿಟ್ಟ ‘ಎಂಕುಲು’ – ಈ ಎರಡಕ್ಕೂ ಕನ್ನಡದಲ್ಲಿ ‘ನಾವು’, ಇಂಗ್ಲಿಷಿನಲ್ಲಿ ‘ವಿ’ ಮಾತ್ರ ಇವೆ. ಈ ವಿಷಯಗಳಲ್ಲಿ ಹೊಸ ಭಾಷೆ ಕೇಳುವುದಕ್ಕಿಂತ ಹೆಚ್ಚಿನ ತಿಳಿವಳಿಕೆ ಮಗುವಿನಲ್ಲಿ ಮೊದಲೇ ಇದೆ.

ಒಂದು ಭಾಷೆಯಲ್ಲಿ ಬೆಳೆದ ಓದು, ಆಲೋಚನೆಗಳ ಸಾಮರ್ಥ್ಯ ಇನ್ನೊಂದು ಭಾಷೆಯ ಕಲಿಕೆಗೆ ಒದಗುತ್ತದೆಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಪ್ರತಿಪಾದಿಸಿದರು. ಆಟದ ಬಯಲಿನ ಮಾತು ಬೇಗ ಬರುತ್ತದೆ, ಪಾಠದ ಭಾಷೆಗೆ ವರ್ಷಗಳೇ ಬೇಕು ಎಂಬುದು ಅವರ ಇನ್ನೊಂದು ಮುಖ್ಯ ವಿಚಾರ. ಕನ್ನಡ ಮಾತು ಗಟ್ಟಿಯಾಗುವ ಮೊದಲೇ ಗಣಿತ, ಪರಿಸರಪಾಠಗಳನ್ನು ಇಂಗ್ಲಿಷಿನಲ್ಲಿ ಕೇಳುವ ಮಗುವಿಗೆ ಮೂರು ಭಾಷೆಗಳಲ್ಲಿ ಒಂದೂ ಆಲೋಚನೆಯ ಭಾಷೆಯಾಗಿ ಬೆಳೆಯದೆ ಹೋಗಬಹುದೆಂಬ ಆತಂಕಕ್ಕೆ ಇಲ್ಲಿ ಎಡೆಯಿದೆ.

ತರಗತಿಯಲ್ಲಿ ಆಗಬೇಕಾದುದು

1956ರಲ್ಲಿ ಸೇರ್ಪಡೆಯಾದ ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಕುರಿತು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯೇ ಮಾಧ್ಯಮವಾಗಬೇಕೆನ್ನುತ್ತದೆ. 2010–11ರಿಂದ ಆರನೆಯ ತರಗತಿಯಿಂದ ತುಳುವನ್ನು ತೃತೀಯ ಭಾಷೆಯಾಗಿ ಕಲಿಯುವ ಅವಕಾಶ ದೊರೆತುದು ಸ್ವಾಗತಾರ್ಹ. ಆದರೆ ಮನೆಮಾತಿನ ನೆರವು ಅತ್ಯಗತ್ಯವಾಗಿರುವುದು ಆರನೆಯ ತರಗತಿಯಲ್ಲಲ್ಲ, ಒಂದನೆಯದರಲ್ಲಿ.

ಇದಕ್ಕೆ ಮಾಧ್ಯಮವನ್ನೇ ಬದಲಿಸಬೇಕೆಂದಿಲ್ಲ. ಮೊದಲ ತಿಂಗಳುಗಳಲ್ಲಿ ಮಗು ಮನೆಮಾತಿನಲ್ಲಿ ಉತ್ತರಿಸಲು ಅವಕಾಶವಿರಬೇಕು. ಶಿಕ್ಷಕರು ಅದೇ ಮಾತನ್ನು ಕನ್ನಡದಲ್ಲಿ ಮರುನುಡಿಯಬೇಕು. ಕಥೆಯನ್ನು ಮೊದಲು ತುಳುವಿನಲ್ಲಿ ಹೇಳಿ, ಬಳಿಕ ಕನ್ನಡದಲ್ಲಿ ಓದಿ, ಅದರ ನಾಲ್ಕಾರು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಆಡಿಸಬಹುದು. ಅರ್ಥ ಮೊದಲೇ ತಿಳಿದಿರುವುದರಿಂದ ಮಗುವಿನ ಗಮನವೆಲ್ಲ ಹೊಸ ನುಡಿಯ ಮೇಲೆ ನಿಲ್ಲುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009–10ರ ನಂತರ ರಾಜ್ಯವ್ಯಾಪಿಯಾದ ‘ನಲಿ–ಕಲಿ’ ಪದ್ಧತಿಯ ಗುಂಪುಕಲಿಕೆ, ಹಾಡು, ಚಟುವಟಿಕೆಯ ಕಾರ್ಡುಗಳು ಇದಕ್ಕೆ ಹೊಂದಿಕೊಳ್ಳುತ್ತವೆ.

ಇತರ ಜಿಲ್ಲೆಗಳಿಂದ ನೇಮಕವಾಗಿ ಬರುವ ಶಿಕ್ಷಕರಿಗೆ ತುಳು, ಬ್ಯಾರಿ, ಕೊಂಕಣಿಗಳು ಅಪರಿಚಿತ. ಅವರಿಗೆ ಈ ಭಾಷೆಗಳ ಪಾಂಡಿತ್ಯ ಬೇಕಾಗಿಲ್ಲ. ಧ್ವನಿ, ಸರ್ವನಾಮ, ಕ್ರಿಯಾರೂಪಗಳ ವ್ಯತ್ಯಾಸಗಳನ್ನೂ ದಾರಿ ತಪ್ಪಿಸುವ ಶಬ್ದಗಳನ್ನೂ ಒಳಗೊಂಡ ಚಿಕ್ಕ ಕೈಪಿಡಿಯೊಂದು ದೊರೆತರೆ ಸಾಕು. 1994ರಲ್ಲಿ ಸ್ಥಾಪಿತವಾದ ತುಳು ಮತ್ತು ಕೊಂಕಣಿ ಅಕಾಡೆಮಿಗಳು, 2009ರಲ್ಲಿ ಸ್ಥಾಪಿತವಾದ ಬ್ಯಾರಿ ಅಕಾಡೆಮಿ ಒಟ್ಟುಗೂಡಿದರೆ ಈ ಕಾರ್ಯ ಅಸಾಧ್ಯವೇನಲ್ಲ. ಆರು ಸಂಪುಟಗಳ ತುಳು ನಿಘಂಟು ಉಡುಪಿಯಲ್ಲಿ ಸಿದ್ಧವಾಗಿದ್ದು, ಬೇಕಾದ ಸಾಮಗ್ರಿಗೂ ಕೊರತೆಯಿಲ್ಲ.

ಉಪಸಂಹಾರ

ಈ ಪ್ರದೇಶದಲ್ಲಿ ಕನ್ನಡವು ಕಲಿತ ಭಾಷೆಯಾಗಿಯೇ ಬೇರೂರಿ ಪಂಜೆಯವರಂತಹ ಲೇಖಕರನ್ನು ನೀಡಿದೆ. ಮನೆಯ ಹೊರಗಿನ ಭಾಷೆಯನ್ನು ತನ್ನದಾಗಿಸಿಕೊಳ್ಳುವ ಶಕ್ತಿ ಇಲ್ಲಿಯ ಮಕ್ಕಳಿಗಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಇಂಗ್ಲಿಷನ್ನೂ ಅವರು ಹಾಗೆಯೇ ಕಲಿಯಬಲ್ಲರು. ಆದರೆ ಕಲಿಸುವವರು ಮಗುವಿನ ತಪ್ಪನ್ನು ತಿದ್ದುವ ಮುನ್ನ ಅದು ಯಾವ ಭಾಷೆಯ ಸರಿ ಎಂಬುದನ್ನು ತಿಳಿದಿರಬೇಕು.