ಮೆಥನಾಲ್ ವಿದ್ಯುತ್ಕೋಶದಲ್ಲಿ ನೀರಿನ ಲೆಕ್ಕ

ಪ್ರಯೋಗಶಾಲೆಯ ಸ್ಪಿರಿಟ್ ದೀಪವನ್ನು ಹೊತ್ತಿಸಿ, ತಣ್ಣಗಿರುವ ಗಾಜಿನ ಬೀಕರೊಂದನ್ನು ಅದರ ಜ್ವಾಲೆಯ ಮೇಲೆ ಕ್ಷಣಕಾಲ ಬೋರಲಾಗಿ ಹಿಡಿದರೆ ಗಾಜಿನ ಒಳಮೈಗೆ ಮಂಜು ಕವಿಯುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿರಬಹುದು. ಬೆಂಕಿಯಿಂದ ನೀರು ಹುಟ್ಟಿತೆಂದರೆ ಮೊದಲಿಗೆ ಸೋಜಿಗವೇ. ಆದರೆ ಮದ್ಯಸಾರದಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿದಾಗ ನೀರಲ್ಲದೆ ಮತ್ತೇನಾದೀತು? ಮದ್ಯಸಾರಗಳಲ್ಲೆಲ್ಲ ಸರಳವಾದುದು ಮೆಥನಾಲ್. 32 ಗ್ರಾಂ ಮೆಥನಾಲ್ ಪೂರ್ತಿಯಾಗಿ ಉರಿದರೆ 36 ಗ್ರಾಂ ನೀರು ದೊರೆಯುತ್ತದೆ; ಉರಿದ ವಸ್ತುವಿಗಿಂತ ಹುಟ್ಟಿದ ನೀರೇ ಹೆಚ್ಚು ತೂಗುತ್ತದೆ. ದೀಪದಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ನೀರು ಆವಿಯಾಗಿ ಗಾಳಿಗೆ ಸೇರಿಹೋಗುತ್ತದೆ. ಅದೇ ಮೆಥನಾಲನ್ನು ಜ್ವಾಲೆಯಿಲ್ಲದೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಕೋಶದೊಳಗೆ ದಹಿಸಿ ವಿದ್ಯುತ್ತನ್ನು ಪಡೆಯಹೊರಟಾಗ ಮಾತ್ರ ನೀರು ದೊಡ್ಡ ಸಮಸ್ಯೆಯಾಗಿ ನಿಲ್ಲುತ್ತದೆ.

ಇಂಧನಕೋಶದ ಕಲ್ಪನೆ ಹೊಸದಲ್ಲ. 1839ರಲ್ಲಿಯೇ ವಿಲಿಯಂ ಗ್ರೋವ್ ಎಂಬ ವಿಜ್ಞಾನಿ ಜಲಜನಕ ಮತ್ತು ಆಮ್ಲಜನಕಗಳಿಂದ ವಿದ್ಯುತ್ತನ್ನು ಹೊರಡಿಸಿ ತೋರಿಸಿದ್ದನು. ಆದರೆ ಜಲಜನಕವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುವುದು ಸುಲಭವಲ್ಲ. ಮೆಥನಾಲಾದರೋ ದ್ರವ, ಸೀಸೆಯಲ್ಲಿ ತುಂಬಿ ಒಯ್ಯಬಹುದು. (ಕುಡಿದರೆ ಕಣ್ಣನ್ನೂ ಪ್ರಾಣವನ್ನೂ ಕಳೆಯುವ ವಿಷವದು ಎಂಬುದನ್ನು ಮಾತ್ರ ಮರೆಯಬಾರದು.) 1990ರ ದಶಕದ ಆರಂಭದಲ್ಲಿ ಅಮೆರಿಕದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪ್ಲಾಸ್ಟಿಕ್ ಪೊರೆಯನ್ನು ಬಳಸಿ, ಮೆಥನಾಲನ್ನು ನೇರವಾಗಿಯೇ ಉಣ್ಣುವ ಕೋಶವನ್ನು ರೂಪಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಎ. ಕೆ. ಶುಕ್ಲ ಅವರೂ ಅವರ ಸಂಗಡಿಗರೂ ಈ ಬಗೆಯ ಕೋಶಗಳನ್ನು ಕುರಿತು ಸಂಶೋಧನೆ ನಡೆಸಿದ್ದಾರೆ.

ಕೋಶದ ರಚನೆಯನ್ನು ಸ್ಥೂಲವಾಗಿ ನೋಡೋಣ. ನಡುವೆ ನಾಫಿಯಾನ್ ಎಂಬ ವಸ್ತುವಿನ ತೆಳು ಪೊರೆ. ಅದರ ಒಂದು ಪಕ್ಕಕ್ಕೆ ನೀರು ಬೆರೆಸಿದ ಮೆಥನಾಲ್, ಇನ್ನೊಂದು ಪಕ್ಕಕ್ಕೆ ಗಾಳಿ. ಪೊರೆಯ ಎರಡು ಮೈಗಳಿಗೂ ಪ್ಲಾಟಿನಂ ಮೊದಲಾದ ವೇಗವರ್ಧಕಗಳ ಲೇಪ. ಅದರ ಮೇಲೆ ಸಣ್ಣ ರಂಧ್ರಗಳಿಂದ ಕೂಡಿದ ಇಂಗಾಲದ ಕಾಗದ. ಇಂಧನದ ಪಕ್ಕದಲ್ಲಿ ಮೆಥನಾಲಿನ ಒಂದು ಅಣುವೂ ನೀರಿನ ಒಂದು ಅಣುವೂ ಕೂಡಿ ಒಡೆದು, ಇಂಗಾಲದ ಡೈಆಕ್ಸೈಡನ್ನೂ ಆರು ಪ್ರೋಟಾನುಗಳನ್ನೂ ಆರು ಎಲೆಕ್ಟ್ರಾನುಗಳನ್ನೂ ಕೊಡುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿದು ನಮ್ಮ ಕೆಲಸವನ್ನು ಮಾಡಿಕೊಡುತ್ತವೆ. ಪ್ರೋಟಾನುಗಳು ಪೊರೆಯನ್ನು ದಾಟಿ ಗಾಳಿಯ ಪಕ್ಕಕ್ಕೆ ಬಂದು, ಅಲ್ಲಿ ಆಮ್ಲಜನಕದೊಡನೆಯೂ ತಂತಿಯಿಂದ ಬಂದ ಎಲೆಕ್ಟ್ರಾನುಗಳೊಡನೆಯೂ ಸೇರಿ ನೀರಿನ ಮೂರು ಅಣುಗಳಾಗುತ್ತವೆ.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಾಗಿತ್ತು. ಆದರೆ ಪ್ರೋಟಾನು ಪೊರೆಯಲ್ಲಿ ಒಂಟಿಯಾಗಿ ನಡೆಯುವುದಿಲ್ಲ. ದಿಬ್ಬಣ ಕಟ್ಟಿಕೊಂಡೇ ಹೊರಡುತ್ತದೆ. ಒಂದೊಂದು ಪ್ರೋಟಾನೂ ತನ್ನೊಡನೆ ನೀರಿನ ಸರಾಸರಿ ಎರಡೂವರೆ ಅಣುಗಳನ್ನಾದರೂ ಎಳೆದುಕೊಂಡು ಬರುತ್ತದೆ. ಆರು ಪ್ರೋಟಾನುಗಳೆಂದರೆ ಹದಿನೈದು ಅಣುಗಳ ಪರಿವಾರ! ಅಲ್ಲಿಯೇ ಹುಟ್ಟಿದ ಮೂರನ್ನು ಕೂಡಿಸಿದರೆ, ಮೆಥನಾಲಿನ ಒಂದು ಅಣು ವ್ಯಯವಾಗುವಷ್ಟರಲ್ಲಿ ಗಾಳಿಯ ಪಕ್ಕದಲ್ಲಿ ನೀರಿನ ಹದಿನೆಂಟು ಅಣುಗಳು ನೆರೆಯುತ್ತವೆ.

ಇದನ್ನೇ ಗ್ರಾಂಗಳಲ್ಲಿ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. 0.4 ವೋಲ್ಟಿನಲ್ಲಿ 5 ಆಂಪಿಯರ್ ಪ್ರವಾಹವನ್ನು, ಅಂದರೆ 2 ವಾಟ್ ಶಕ್ತಿಯನ್ನು ಕೊಡುವ ಕೋಶವೊಂದನ್ನು ತೆಗೆದುಕೊಳ್ಳೋಣ. ಪ್ರವಾಹವನ್ನು ಉಂಟುಮಾಡಲು ಅದು ಗಂಟೆಗೆ ವ್ಯಯಿಸುವ ಮೆಥನಾಲ್ ಸುಮಾರು 1 ಗ್ರಾಂ. ಅದೇ ಗಂಟೆಯಲ್ಲಿ ಗಾಳಿಯ ಪಕ್ಕಕ್ಕೆ ಬಂದು ಸೇರುವ ನೀರು ಸುಮಾರು 10 ಗ್ರಾಂ. ಕಾಲೇಜು ವಿದ್ಯಾರ್ಥಿಗಳು ಫ್ಯಾರಡೆಯ ನಿಯಮವನ್ನು ಹಿಡಿದು ತಾವೇ ಲೆಕ್ಕ ಮಾಡಿ ನೋಡಬಹುದು.

ಈ ನೀರು ಅಲ್ಲಿಯೇ ನಿಂತರೆ ಕೋಶಕ್ಕೆ ಉಸಿರು ಕಟ್ಟುತ್ತದೆ. ಇಂಗಾಲದ ಕಾಗದದ ರಂಧ್ರಗಳೇ ಆಮ್ಲಜನಕ ಒಳಬರುವ ದಾರಿ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕವು ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ರಂಧ್ರಗಳಲ್ಲಿ ನೀರು ತುಂಬಿತೆಂದರೆ ವೇಗವರ್ಧಕವು ಮುಳುಗಿದ ಗದ್ದೆಯ ಪೈರಿನಂತೆ ನಿಷ್ಫಲವಾಗುತ್ತದೆ, ವೋಲ್ಟೇಜು ಕುಸಿಯುತ್ತದೆ.

ಹಾಗಾದರೆ ನೀರನ್ನೆಲ್ಲ ಬಸಿದು ಹೊರಚೆಲ್ಲಬಾರದೇಕೆ? ಸಮಸ್ಯೆಯ ತಿರುಳಿರುವುದು ಇಲ್ಲಿಯೇ. ಆ 10 ಗ್ರಾಂಗಳಲ್ಲಿ ನಿಜವಾಗಿ ಹೆಚ್ಚಾದುದು 1 ಗ್ರಾಮಿಗಿಂತ ತುಸು ಅಧಿಕ, ಅಷ್ಟೆ. ಉಳಿದ ಸುಮಾರು 9 ಗ್ರಾಂ ಇಂಧನದ ಪಕ್ಕಕ್ಕೆ ಸೇರಿದ ಆಸ್ತಿ. ಅದನ್ನು ಹಿಂದಿರುಗಿಸದೆ ಹೋದರೆ ಇಂಧನದ ದ್ರಾವಣವು ಗಟ್ಟಿಯಾಗುತ್ತ ಹೋಗುತ್ತದೆ. ಗಟ್ಟಿಯಾದ ಮೆಥನಾಲ್ ಪೊರೆಯ ಮೂಲಕ ನುಸುಳಿ ಗಾಳಿಯ ಪಕ್ಕಕ್ಕೆ ಬಂದು ಅಲ್ಲಿಯೇ ವೃಥಾ ದಹಿಸಿಹೋಗುತ್ತದೆ. ಇಂಧನವೂ ನಷ್ಟ, ವೋಲ್ಟೇಜೂ ನಷ್ಟ. ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಆರು ಪಾಲು ಮೆಥನಾಲ್ ಮಾತ್ರವಿರುವ ತಿಳಿ ದ್ರಾವಣವನ್ನು ಬಳಸುವುದು ಈ ಕಾರಣದಿಂದಲೇ. ಅಂಥ ದ್ರಾವಣವನ್ನೇ ಸೀಸೆಯಲ್ಲಿ ಹೊತ್ತು ತಿರುಗಿದರೆ ಹೊರೆಯಲ್ಲಿ ಬಹುಪಾಲು ನೀರೇ! ಸೀಸೆಯಲ್ಲಿ ಶುದ್ಧ ಮೆಥನಾಲ್ ಇರಬೇಕು, ಅದನ್ನು ತಿಳಿಗೊಳಿಸುವ ನೀರು ಕೋಶದೊಳಗೇ ಸುತ್ತುತ್ತಿರಬೇಕು. ಪೊರೆಯೂ ಅಷ್ಟೆ; ಒದ್ದೆಯಾಗಿದ್ದರೆ ಮಾತ್ರ ಪ್ರೋಟಾನುಗಳಿಗೆ ದಾರಿ ಕೊಡುತ್ತದೆ.

ದೊಡ್ಡ ಕೋಶಗಳಲ್ಲಿ ಇದಕ್ಕೆ ಯಂತ್ರೋಪಾಯವಿದೆ. ಪಂಖವು ಗಾಳಿಯನ್ನು ಊದಿ ನೀರನ್ನು ಹೊರತರುತ್ತದೆ, ಹೊರಬಂದ ಆವಿಯನ್ನು ತಣಿಸಿ ನೀರಾಗಿಸುತ್ತಾರೆ, ಪಂಪು ಅದನ್ನು ಮತ್ತೆ ಇಂಧನದ ಕಡೆಗೆ ಒಯ್ಯುತ್ತದೆ. ಆದರೆ 2 ವಾಟ್ ಕೋಶಕ್ಕೆ ಪಂಖ, ಪಂಪುಗಳನ್ನು ಜೋಡಿಸಿದರೆ ಹುಟ್ಟಿದ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಅವುಗಳ ಹೊಟ್ಟೆಗೇ ಹೋದೀತು.

ಆದುದರಿಂದ ಚಿಕ್ಕ ಕೋಶಗಳಲ್ಲಿ ಯಂತ್ರಗಳಿಲ್ಲದೆಯೇ ನೀರನ್ನು ಹಿಂದಿರುಗಿಸುವ ಜಾಣ ಉಪಾಯವೊಂದನ್ನು ಹೂಡಿದ್ದಾರೆ. ನಮಗೆ ಇದು ಇಡೀ ವಿಷಯದಲ್ಲಿಯೇ ಸೊಗಸಾದ ಭಾಗವೆಂದು ತೋರುತ್ತದೆ. ಕೆಸುವಿನ ಎಲೆಗೆ ನೀರು ಅಂಟದಿರುವುದನ್ನು ಎಲ್ಲರೂ ಬಲ್ಲರು. ಟೆಫ್ಲಾನ್ ಎಂಬ ವಸ್ತುವಿನ ಗುಣವೂ ಹಾಗೆಯೇ. ಇಂಗಾಲದ ನುಣ್ಣನೆಯ ಪುಡಿಗೆ ಟೆಫ್ಲಾನ್ ಬೆರೆಸಿ, ಗಾಳಿಯ ಪಕ್ಕದ ವೇಗವರ್ಧಕದ ಹೊರಮೈಗೆ ತೆಳುವಾದ ಪದರವನ್ನು ಕೂಡಿಸುತ್ತಾರೆ. ಅದರ ರಂಧ್ರಗಳು ಅತಿ ಸೂಕ್ಷ್ಮ. ಗಾಳಿ ನುಸುಳೀತು, ದ್ರವವಾದ ನೀರು ಸುಲಭವಾಗಿ ನುಸುಳಲಾರದು. ಹೊರದಾರಿ ಮುಚ್ಚಿದ ನೀರು ಒಳಗಡೆ ಒತ್ತಡವನ್ನು ಬೆಳೆಸಿಕೊಂಡು, ಆ ಒತ್ತಡದಿಂದಲೇ ಪೊರೆಯ ಮೂಲಕ ಬಂದ ದಾರಿಯಲ್ಲಿ ಹಿಂದಕ್ಕೆ ಹರಿಯುತ್ತದೆ. ಹೆಚ್ಚಾದ ಒಂದು ಪಾಲು ಆವಿಯಾಗಿ ರಂಧ್ರಗಳಿಂದ ಹೊರಹೋಗುತ್ತದೆ. ಪೊರೆ ತೆಳುವಾದಷ್ಟೂ ಹಿಂದಿರುಗುವ ದಾರಿ ಸುಗಮ. ಆದರೆ 0.18 ಮಿಲಿಮೀಟರ್ ದಪ್ಪದ ಪೊರೆಯ ಬದಲು 0.05 ಮಿಲಿಮೀಟರಿನದನ್ನು ಹಾಕಿದರೆ ಮೆಥನಾಲಿನ ಸೋರಿಕೆಯೂ ಹೆಚ್ಚುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕು.

2009ರಲ್ಲಿ ಜಪಾನಿನ ತೋಷಿಬಾ ಸಂಸ್ಥೆ 'ಡೈನಾರಿಯೋ' ಎಂಬ ಅಂಗೈಯಗಲದ ಮೆಥನಾಲ್ ಕೋಶವನ್ನು ಮಾರಾಟಕ್ಕಿಟ್ಟಿತು. 14 ಮಿಲಿಲೀಟರ್ ಗಟ್ಟಿ ಮೆಥನಾಲಿನಿಂದ ಅದು ಕೈಫೋನೊಂದರ ಬ್ಯಾಟರಿಯನ್ನು ಎರಡು ಸಲ ತುಂಬಬಲ್ಲುದಾಗಿತ್ತು. ತಯಾರಾದವು 3000 ಮಾತ್ರ. ಕೈಫೋನುಗಳ ಲೋಕ ಲಿಥಿಯಂ ಬ್ಯಾಟರಿಯ ಪಾಲಾಯಿತು. ವಿದ್ಯುತ್ ತಂತಿ ತಲುಪದ ಕಡೆಗಳಲ್ಲಿ ತಿಂಗಳುಗಟ್ಟಲೆ ಒಂಟಿಯಾಗಿ ದುಡಿಯಬೇಕಾದ ಉಪಕರಣಗಳಿಗೆ ಮಾತ್ರ ಮೆಥನಾಲ್ ಕೋಶ ಇಂದಿಗೂ ಬಳಕೆಯಲ್ಲಿದೆ. ಜರ್ಮನಿಯ ಎಸ್‌.ಎಫ್‌.ಸಿ. ಸಂಸ್ಥೆಯ ಕೋಶಗಳು ಸುಮಾರು 0.9 ಲೀಟರ್ ಮೆಥನಾಲಿಗೆ ಒಂದು ಯೂನಿಟ್ ವಿದ್ಯುತ್ತನ್ನು ಕೊಡುತ್ತವೆ.

ಇಂಥ ಕೋಶವನ್ನು ಎಲ್ಲಿಡುತ್ತೇವೆ ಎಂಬುದೂ ಮುಖ್ಯ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಹಿಡಿಯಬಲ್ಲ ಆವಿ ಸುಮಾರು 30 ಗ್ರಾಂ. 60 ಡಿಗ್ರಿಯಲ್ಲಿ ಸುಮಾರು 130 ಗ್ರಾಂ. ಆಷಾಢದ ಮಂಗಳೂರಿನಲ್ಲಿ ಒಗೆದ ಬಟ್ಟೆಯೇ ಒಣಗದು. ಅಲ್ಲಿ ಗಾಳಿಯ ಪಾತ್ರೆ ಆಗಲೇ ಬಹುಮಟ್ಟಿಗೆ ತುಂಬಿರುತ್ತದೆ, ಕೋಶದ ಆವಿಗೆ ಎಡೆ ಕಡಮೆ. ಬೇಸಗೆಯ ರಾಯಚೂರಿನಲ್ಲಾದರೋ ಅದೇ ಕೋಶದಿಂದ ಒಂದು ಪಾಲಿನ ಬದಲು ಎರಡು ಮೂರು ಪಾಲು ನೀರು ಹಾರಿಹೋಗಬಹುದು. ಹಾಗೆ ಒಣಗಿದ ಕೋಶಗಳಿಗೆ ತುಂಬುವುದಕ್ಕಾಗಿ ಎಸ್‌.ಎಫ್‌.ಸಿ. ಸಂಸ್ಥೆಯವರು ಬೇರೊಂದು ದ್ರವವನ್ನೇ ಸೀಸೆಗಳಲ್ಲಿ ಮಾರುತ್ತಾರೆ.