ಗಂಧಕದ ಹೊಗೆಗೆ ಬೆಲೆ ಕಟ್ಟಿದ ಕಾನೂನು

ಕಾರ್ಖಾನೆಯ ಹೊಗೆಯಿಂದ ನೆರೆಯವರಿಗಾಗುವ ನಷ್ಟ ಕಾರ್ಖಾನೆಯ ಜಮಾಖರ್ಚಿನಲ್ಲಿ ಕಾಣುವುದಿಲ್ಲ. ಅರ್ಥಶಾಸ್ತ್ರಜ್ಞರು ‘ಬಾಹ್ಯ ವೆಚ್ಚ’ ಎನ್ನುವ ಈ ಹೊರೆಯನ್ನು ತೆರಿಗೆಯ ಮೂಲಕ ಉತ್ಪಾದಕನ ಮೇಲೆಯೇ ಹೇರಬೇಕೆಂದು ಇಂಗ್ಲೆಂಡಿನ ಎ. ಸಿ. ಪಿಗೂ 1920ರಲ್ಲಿ ವಾದಿಸಿದರೆ, ಹಕ್ಕು ಯಾರದೆಂಬುದು ಸ್ಪಷ್ಟವಿದ್ದು ಮಾತುಕತೆಗೆ ಹೆಚ್ಚು ಖರ್ಚು ತಗಲದಿದ್ದಲ್ಲಿ ಎರಡೂ ಕಡೆಯವರು ತಾವಾಗಿಯೇ ವ್ಯವಹಾರ ಕುದುರಿಸಿಕೊಳ್ಳಬಲ್ಲರೆಂದು ರೊನಾಲ್ಡ್ ಕೋಸ್ 1960ರಲ್ಲಿ ತೋರಿಸಿದರು. ಮುಕ್ತ ಮಾರುಕಟ್ಟೆಯ ಪ್ರತಿಪಾದಕರೆಲ್ಲ ಪರಿಸರ ಕಾನೂನಿನ ವಿರೋಧಿಗಳೆಂಬ ಗ್ರಹಿಕೆ ಪೂರ್ತಿ ಸರಿಯಲ್ಲ. ಮಾಲಿನ್ಯ ಎಷ್ಟು ಇಳಿಯಬೇಕೆಂದು ಹೇಳಿದ ಸರ್ಕಾರ, ಯಾವ ಯಂತ್ರದಿಂದ ಇಳಿಸಬೇಕೆಂಬುದನ್ನೂ ತಾನೇ ವಿಧಿಸುವುದಕ್ಕೆ ಅವರಲ್ಲಿ ಹಲವರ ತಕರಾರು.

ಈ ತಕರಾರಿಗೆ ಅಮೆರಿಕದಲ್ಲಿ ಗಟ್ಟಿ ಆಧಾರವಿತ್ತು. ಕಲ್ಲಿದ್ದಲು ಉರಿದಾಗ ಹೊರಬೀಳುವ ಸಲ್ಫರ್ ಡೈಆಕ್ಸೈಡ್ ದೂರದೂರಕ್ಕೆ ಸಾಗಿ ಆಮ್ಲಮಳೆಯಾಗಿ ಸುರಿಯುತ್ತದೆ. ಈ ಅನಿಲವನ್ನು ತಗ್ಗಿಸಲು ವಾಯುಮಾಲಿನ್ಯ ಕಾನೂನಿನ 1977ರ ತಿದ್ದುಪಡಿ ಮತ್ತು ಅದರಡಿಯ ನಿಯಮಗಳು ಹೊಸ ವಿದ್ಯುತ್ ಸ್ಥಾವರಗಳಿಗೆ ಹೊಗೆ ತೊಳೆಯುವ ‘ಸ್ಕ್ರಬ್ಬರ್’ ಯಂತ್ರವನ್ನು ಬಹುಮಟ್ಟಿಗೆ ಕಡ್ಡಾಯ ಮಾಡಿದವು. ಗಂಧಕ ಕಡಿಮೆಯಿರುವ ಕಲ್ಲಿದ್ದಲನ್ನು ಉರಿಸಿದರೂ ಯಂತ್ರ ತಪ್ಪದು ಎಂದಾದ ಮೇಲೆ ಅಂಥ ಕಲ್ಲಿದ್ದಲನ್ನು ದೂರದಿಂದ ತರಿಸುವ ಗರಜು ಯಾರಿಗೂ ಉಳಿಯಲಿಲ್ಲ. ಗಂಧಕ ಹೆಚ್ಚಿರುವ ಪೂರ್ವ ಭಾಗದ ಗಣಿಗಳಿಗೆ ಬೇಕಾಗಿದ್ದುದೂ ಅದೇ.

1990ರಲ್ಲಿ ದಾರಿ ಬದಲಾಯಿತು. ದೇಶದ ವಿದ್ಯುತ್ ಸ್ಥಾವರಗಳೆಲ್ಲ ಸೇರಿ ವರ್ಷಕ್ಕೆ ಉಗುಳಬಹುದಾದ ಅನಿಲಕ್ಕೆ ಮಿತಿ ಹಾಕಿ, ಅದನ್ನು ಟನ್ನಿಗೊಂದರಂತೆ ಪರವಾನಗಿಗಳಾಗಿ ಹಂಚಿ, ಅವುಗಳ ಮಾರಾಟಕ್ಕೆ ಅವಕಾಶ ಕೊಡಲಾಯಿತು. ಒಂದು ಟನ್ ತಗ್ಗಿಸಲು ಒಂದು ಸ್ಥಾವರಕ್ಕೆ 100 ಡಾಲರ್, ಇನ್ನೊಂದಕ್ಕೆ 500 ಡಾಲರ್ ತಗಲುವುದಾದರೆ, ಮೊದಲನೆಯದು ಹೆಚ್ಚು ತಗ್ಗಿಸಿ ಉಳಿದ ಪರವಾನಗಿಯನ್ನು ಎರಡನೆಯದಕ್ಕೆ ಮಾರುತ್ತದೆ. ಒಟ್ಟು ಮಿತಿ ಮೀರುವುದಿಲ್ಲ. ಪರವಾನಗಿಯಿಲ್ಲದ ಪ್ರತಿ ಟನ್ನಿಗೆ 2,000 ಡಾಲರ್ ದಂಡವಿತ್ತು, ಚಿಮಣಿಗಳಿಗೆ ಸದಾ ಅಳೆಯುವ ಉಪಕರಣಗಳಿದ್ದವು. ನಿಖರ ಅಳತೆಯಿಲ್ಲದೆ ಇಂಥ ಮಾರುಕಟ್ಟೆ ನಡೆಯದು. ಸೂರತ್‌ನಲ್ಲಿ 2019ರಲ್ಲಿ ಹೊಗೆಯ ಕಣಗಳಿಗೆ ಇದೇ ಬಗೆಯ ವ್ಯಾಪಾರ ಆರಂಭವಾದಾಗಲೂ ನಿರಂತರ ಮಾಪನವೇ ಅದರ ತಳಹದಿಯಾಗಿತ್ತು.

ಅನೇಕ ಸ್ಥಾವರಗಳು ಸ್ಕ್ರಬ್ಬರ್ ಬಿಟ್ಟು ಪಶ್ಚಿಮದ ವಯೋಮಿಂಗ್‌ ರಾಜ್ಯದ ಕಡಿಮೆ ಗಂಧಕದ ಕಲ್ಲಿದ್ದಲಿಗೆ ಹೊರಳಿದವು. ಈ ಬದಲಾವಣೆಯ ಶ್ರೇಯದಲ್ಲಿ ಒಂದು ಪಾಲು ಮಾತ್ರ ಪರಿಸರ ಕಾನೂನಿಗೆ ಸೇರದು: 1980ರಲ್ಲಿ ಸರ್ಕಾರ ರೈಲು ಸಾಗಣೆಯ ಮೇಲಿನ ಹಿಡಿತ ಸಡಿಲಿಸಿದ್ದರಿಂದ ಬಾಡಿಗೆ ಇಳಿದು, ಪಶ್ಚಿಮದ ಕಲ್ಲಿದ್ದಲು ಆಗಲೇ ಅಗ್ಗವಾಗತೊಡಗಿತ್ತು.

ಆದರೆ ಸರ್ಕಾರ ಹುಟ್ಟಿಸಿದ ಹಕ್ಕನ್ನು ಸರ್ಕಾರವೇ ಬಡವಾಗಿಸಬಲ್ಲದು. ಬಿಗಿಯಾದ ಹೊಸ ನಿಯಮದಿಂದಾಗಿ 2005ರ ಕೊನೆಗೆ 1,500 ಡಾಲರ್ ದಾಟಿದ್ದ ಪರವಾನಗಿಯ ಬೆಲೆ, ಆ ನಿಯಮ 2008ರಲ್ಲಿ ನ್ಯಾಯಾಲಯದಲ್ಲಿ ಬಿದ್ದಾಗ ಕುಸಿಯಿತು. 2011ರ ನಿಯಮ ಹಳೆಯ ಪರವಾನಗಿಗಳನ್ನು ಮಾನ್ಯ ಮಾಡದಿದ್ದುದರಿಂದ 2012ರ ಹರಾಜಿನಲ್ಲಿ ಒಂದು ಪರವಾನಗಿಗೆ ಒಂದು ಡಾಲರೂ ಹುಟ್ಟಲಿಲ್ಲ. ಕಾನೂನನ್ನು ನಂಬಿ, ಬೇಗನೆ ಮಾಲಿನ್ಯ ಇಳಿಸಿ, ಮುಂದಕ್ಕೆಂದು ಪರವಾನಗಿ ಕೂಡಿಟ್ಟ ಕಂಪನಿಗಳೇ ಇದರಲ್ಲಿ ಹೆಚ್ಚು ಕಳೆದುಕೊಂಡವು.