ಬಯಲುಸೀಮೆಯ ಆಮೆಗಳು

ಕೂರ್ಮ, ಕಮಠ, ಕಚ್ಛಪ ಎಂಬ ಹೆಸರುಗಳಿಂದ ನಮ್ಮ ಕಾವ್ಯಪುರಾಣಗಳಲ್ಲಿ ಭೂಭಾರವನ್ನು ಹೊತ್ತು ನಿಂತಿರುವ ಆಮೆಯು ಕನ್ನಡಿಗರಿಗೆ ಚಿರಪರಿಚಿತವಾದ ಪ್ರಾಣಿ. ಆದರೆ ಎಲ್ಲ ಬಗೆಯ ಆಮೆಗಳೂ ಎಲ್ಲ ನಾಡುಗಳಲ್ಲಿ ಇರುವುದಿಲ್ಲ. ಒಂದೊಂದು ಜಾತಿಗೆ ಒಂದೊಂದು ಎಲ್ಲೆಯುಂಟು. ಈ ಎಲ್ಲೆಗಳಿಗೆ ಕಾರಣವೇನೆಂಬುದನ್ನು ತಿಳಿಯಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯು ಒಳ್ಳೆಯ ನಿದರ್ಶನವಾಗಿದೆ.

ಲೋಕದಲ್ಲಿ ಸುಮಾರು 350 ಜಾತಿಯ ಆಮೆಗಳುಂಟು. ಅವುಗಳಲ್ಲಿ ಕಡಲಾಮೆಗಳು 7 ಮಾತ್ರ. ಮಿಕ್ಕವು ನೆಲದಲ್ಲಿಯೂ ಸಿಹಿನೀರಿನಲ್ಲಿಯೂ ಬಾಳತಕ್ಕವು. ಇವುಗಳ ನೆಲೆಯನ್ನು ಗೊತ್ತುಮಾಡುವ ಮೊದಲನೆಯ ಕಾರಣ ಉಷ್ಣ. ಆಮೆಯು ಮೊಟ್ಟೆಗೆ ಕಾವು ಕೊಡುವುದಿಲ್ಲ. ಮಣ್ಣಿನಲ್ಲಿ ಹುಗಿದ ಮೊಟ್ಟೆಯು ನೆಲದ ಬಿಸಿಯಿಂದಲೇ ಮರಿಯಾಗಬೇಕು. ಆದಕಾರಣ ಬೇಸಗೆಯು ಅತಿ ಮೊಟಕಾದ ಶೀತದೇಶಗಳಲ್ಲಿ ಆಮೆಗಳಿಲ್ಲ. ಎರಡನೆಯದು ಮಳೆ. ಗಂಗಾ ಬ್ರಹ್ಮಪುತ್ರೆಗಳ ಕೆಳಬಯಲು, ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆಗ್ನೇಯಭಾಗ ಮೊದಲಾದ, ಮಳೆಯೂ ಹೊಳೆಯೂ ಸಮೃದ್ಧವಾದ ಬೆಚ್ಚನೆಯ ನಾಡುಗಳಲ್ಲಿಯೇ ನೀರಾಮೆಗಳ ಜಾತಿಗಳು ಹೆಚ್ಚು. ಮೂರನೆಯದು ಭೂಮಿಯ ಇತಿಹಾಸ. ಕೊರಳನ್ನು ಪಕ್ಕಕ್ಕೆ ಮಡಿಸುವ ಆಮೆಗಳು ಇಂದು ಮುಖ್ಯವಾಗಿ ದಕ್ಷಿಣ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯಗಳಲ್ಲಿವೆ. ಭಾರತದಲ್ಲಿ ಒಂದೂ ಇಲ್ಲ. ಆದರೆ ಮುಂಬಯಿಯ ಪ್ರಾಚೀನ ಶಿಲಾಸ್ತರಗಳಲ್ಲಿ ಅವುಗಳ ಅವಶೇಷಗಳು ದೊರೆತಿವೆ. ಈಗಿನ ಹವೆಯೊಂದೇ ಎಲ್ಲವನ್ನೂ ವಿವರಿಸಲಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ಕರ್ಣಾಟಕದಲ್ಲಿ ಮಳೆಯ ಪ್ರಭಾವವು ಎದ್ದುಕಾಣುತ್ತದೆ. ಪಶ್ಚಿಮಘಟ್ಟಗಳ ನಿತ್ಯಹರಿದ್ವರ್ಣದ ಕಾಡಿನಲ್ಲಿ, ಉದುರಿದ ಎಲೆಗಳ ನಡುವೆ, ಒಂದು ಪುಟ್ಟ ಆಮೆಯು ಬಾಳುತ್ತದೆ. 1912ರಲ್ಲಿ ಪ್ರಾಣಿಶಾಸ್ತ್ರಜ್ಞರು ವರ್ಣಿಸಿದ ಈ ಜಾತಿಯು ಬಹುಕಾಲ ಕಣ್ಣಿಗೆ ಬೀಳದೆ ಇದ್ದು, 1982ರಲ್ಲಿ ಮತ್ತೆ ದೊರೆಯಿತು. ಇದು ಘಟ್ಟದ ತೇವವನ್ನು ಬಿಟ್ಟು ಬಯಲಿಗೆ ಇಳಿಯುವುದಿಲ್ಲ. ಮುಂಗಾರಿನ ಮೋಡಗಳನ್ನು ಘಟ್ಟಗಳು ತಡೆಯುವುದರಿಂದ ಚಿತ್ರದುರ್ಗದ ಕಡೆ ಮಳೆ ಸ್ವಲ್ಪ. ಬಂಡೆ, ಮುಳ್ಳುಕಂಟಿ, ಹುಲ್ಲುಗಾವಲುಗಳೇ ಹೆಚ್ಚು. ಇಂಥ ಒಣ ಕುರುಚಲು ನೆಲವು ನಕ್ಷತ್ರ ಆಮೆಗೆ ಮೆಚ್ಚು. ಅದು ಗುಜರಾತ್, ರಾಜಸ್ಥಾನ, ದಖ್ಖನಿನ ಒಣಭಾಗಗಳು, ತಮಿಳುನಾಡು, ಸಿಂಹಳ ಇಷ್ಟರಲ್ಲಿ ಹರಡಿದೆ; ಘಟ್ಟದ ಮಳೆಕಾಡಿಗೆ ಹೋಗುವುದಿಲ್ಲ. ಒಂದಕ್ಕೆ ಆಶ್ರಯವಾದುದೇ ಮತ್ತೊಂದಕ್ಕೆ ಬೇಲಿ.

ಹಾಗಾದರೆ ಈ ಒಣಸೀಮೆಯಲ್ಲಿ ನೀರಾಮೆಗೆ ಎಡೆಯುಂಟೆ? ಉಂಟು. ಭಾರತದ ಕೆರೆಕುಂಟೆಗಳಲ್ಲಿ ವ್ಯಾಪಕವಾಗಿರುವ ಮೆದುಚಿಪ್ಪಿನ ಆಮೆಯೊಂದಕ್ಕೆ ಹಿಂಗಾಲುಗಳನ್ನು ಒಳಗೆಳೆದಾಗ ಮುಚ್ಚಿಕೊಳ್ಳುವ ಮುಚ್ಚಳಗಳಂಥ ಮಡಿಕೆಗಳಿವೆ. ನೀರು ಬತ್ತಿದಾಗ ಅದು ಕೆಸರಿನಲ್ಲಿ ಹುದುಗಿ, ಉಸಿರನ್ನೂ ಚಲನೆಯನ್ನೂ ಮಿತಗೊಳಿಸಿ, ಮುಂದಿನ ಮಳೆಯನ್ನು ಕಾದಿರುತ್ತದೆ. ಈ ಗುಣವೇ ಅದಕ್ಕೆ ಬಯಲುಸೀಮೆಯ ಬಾಗಿಲನ್ನು ತೆರೆದುದು. ಮಿಕ್ಕ ನೆರವು ಮನುಷ್ಯನದು. ವೇದಾವತಿಯು ಹೊಸದುರ್ಗ, ಹಿರಿಯೂರುಗಳ ಮೂಲಕ ಹರಿದು ತುಂಗಭದ್ರೆಯನ್ನು ಸೇರುವ ಹೊಳೆ. ಮಳೆಯಿಲ್ಲದ ತಿಂಗಳುಗಳಲ್ಲಿ ಸೊರಗತಕ್ಕದ್ದು. ಅದಕ್ಕೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸ ಸಾಗರವು 1907ರಲ್ಲಿ ಪೂರ್ತಿಯಾಯಿತು. 1933ರಲ್ಲಿ ಕೋಡಿ ಬಿದ್ದ ಆ ಸಾಗರವು ಮತ್ತೆ ಕೋಡಿ ಬಿದ್ದುದು 89 ವರ್ಷಗಳ ತರುವಾಯ, 2022ರಲ್ಲಿ. ಇಷ್ಟು ಅನಿಶ್ಚಿತವಾದ ನೀರಿನ ನಾಡಿನಲ್ಲಿ, ಬೇಸಾಯಕ್ಕೆಂದು ಪೂರ್ವಿಕರು ಕಟ್ಟಿದ ಕೆರೆಗಳ ಸಾಲು ನೀರಾಮೆಗೂ ತಂಗುದಾಣವಾಯಿತು.

ಈ ಕಾರಣದಿಂದಲೇ ಕೆರೆಯ ಅಳಿವು ಆಮೆಯ ಎಲ್ಲೆಯನ್ನೂ ಕುಗ್ಗಿಸುತ್ತದೆ. ಹೂಳೆತ್ತುವುದು ಅವಶ್ಯವಾದ ಕೆಲಸ. ಆದರೆ ಅದು ನಡೆಯುವುದು ಕೆರೆ ಒಣಗಿದಾಗ, ಆಮೆಗಳು ಅದೇ ಹೂಳಿನಲ್ಲಿ ಹುದುಗಿರುವ ಕಾಲದಲ್ಲಿ. ಯಂತ್ರವನ್ನು ಇಳಿಸುವ ಮುನ್ನ ಅವುಗಳನ್ನು ಹುಡುಕಿ, ಅರಣ್ಯ ಇಲಾಖೆಯವರ ಮೂಲಕ ಬೇರೆ ಕೆರೆಗೆ ಸಾಗಿಸುವುದು ದೊಡ್ಡ ಶ್ರಮವಲ್ಲ. ನಕ್ಷತ್ರ ಆಮೆಗಾದರೋ ಕಳ್ಳವ್ಯಾಪಾರವೇ ಶತ್ರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ಹಿಡಿಯುವುದನ್ನೂ ಸಾಕುವುದನ್ನೂ ನಿಷೇಧಿಸಿದೆ. 2019ರಲ್ಲಿ ರಾಷ್ಟ್ರಗಳ ಒಪ್ಪಂದವು ಅದರ ಅಂತರರಾಷ್ಟ್ರೀಯ ಮಾರಾಟಕ್ಕೆ ಅತ್ಯಂತ ಕಠಿಣವಾದ ಕಟ್ಟನ್ನು ವಿಧಿಸಿತು.

ಉಷ್ಣ, ಮಳೆ, ಭೂಚರಿತ್ರೆಗಳು ಯುಗಯುಗಗಳಲ್ಲಿ ಎಳೆದ ಎಲ್ಲೆಯನ್ನು ಮನುಷ್ಯನು ಒಂದು ಕೆರೆಯನ್ನು ಕಟ್ಟಿ ಹಿಗ್ಗಿಸಬಲ್ಲನು. ಅದೇ ಕೆರೆಯನ್ನು ಕೆಡಿಸಿ ಕುಗ್ಗಿಸಲೂ ಬಲ್ಲನು.